ಆಟದ ಬೋರ್ಡು ಎಂದರೆ ಮೆದು ಬೋರ್ಡಲ್ಲ

ಎಲ್ಲ ಬಗೆಯ ಹಿಮದಲ್ಲೂ ಆಡಿಸಬಲ್ಲ ಒಂದು ಸ್ನೋಬೋರ್ಡ್ ಕೊಡಿ ಎಂದು ಅಂಗಡಿಯಲ್ಲಿ ಕೇಳಿದರೆ, ಕೈಯಲ್ಲಿ ಹಿಡಿದು ಸುಲಭವಾಗಿ ಬಗ್ಗಿಸಬಹುದಾದ ಮೆತ್ತನೆಯದನ್ನೇ ಮುಂದಿಡುತ್ತಾರೆ. ಮೆತ್ತಗಿದ್ದಷ್ಟೂ ಆಟ ಹೆಚ್ಚು ಎಂಬ ನಂಬಿಕೆ ವಿಮರ್ಶೆಗಳಲ್ಲೂ ಬೇರೂರಿದೆ. ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲಿ ವರ್ಷಗಳಿಂದ ಜಾರುತ್ತಿರುವ ನನಗೆ ಈ ನಂಬಿಕೆ ಸರಿ ಎನಿಸಿಲ್ಲ. ಇಲ್ಲಿ ಬೆಳಿಗ್ಗೆ ಕಲ್ಲಿನಷ್ಟು ಗಟ್ಟಿಯಾಗಿದ್ದ ಇಳಿಜಾರು ಮಧ್ಯಾಹ್ನಕ್ಕೆ ಗಂಜಿಯಾಗಿರುತ್ತದೆ. ಅಂಥ ದಿನ ಮೆದು ಬೋರ್ಡು ಮೊದಲ ಅರ್ಧದಲ್ಲಿ ಜಾರಿ ತಪ್ಪಿಸಿಕೊಳ್ಳುತ್ತದೆ, ಉಳಿದರ್ಧದಲ್ಲಿ ಹೂತುಕೊಳ್ಳುತ್ತದೆ. ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತೆಂದು ನೋಡಲು ಬೋರ್ಡಿನ ಆಕಾರ ಬದಲಾದ ಬಗೆಯನ್ನೇ ನೋಡಬೇಕು.

ಆರಂಭದ ಕಥೆ ಎಲ್ಲರೂ ಬಲ್ಲದ್ದು. 1965ರ ಕ್ರಿಸ್‌ಮಸ್ ದಿನ ಮಿಷಿಗನ್ನಿನ ಮಸ್ಕಿಗನ್‌ನಲ್ಲಿ ಶರ್ಮನ್ ಪೊಪ್ಪೆನ್ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ‘ಸ್ನರ್ಫರ್’ ಮಾಡಿದರು. ಎಪ್ಪತ್ತರ ದಶಕದಲ್ಲಿ ಯೂಟಾದ ಡಿಮಿಟ್ರಿಯೆ ಮಿಲೋವಿಚ್ ಪುಡಿಹಿಮಕ್ಕೆಂದೇ ಸೀಳುಬಾಲದ ಬೋರ್ಡು ರೂಪಿಸಿದರು. 1977ರಲ್ಲಿ ವರ್ಮಾಂಟಿನಲ್ಲಿ ಜೇಕ್ ಬರ್ಟನ್ ಕಂಪನಿ ಕಟ್ಟಿದರು. ಟಾಮ್ ಸಿಮ್ಸ್ ಸ್ಕೇಟ್‌ಬೋರ್ಡಿನ ದಾರಿಯಿಂದ ಬಂದರು. 1998ರ ನಗಾನೊ ಒಲಿಂಪಿಕ್ಸ್‌ಗೆ ಸ್ನೋಬೋರ್ಡಿಂಗ್ ಕಾಲಿಡುವ ಹೊತ್ತಿಗೆ ಹಿಂದೆ ಮುಂದೆ ಒಂದೇ ಆಕಾರದ ಟ್ವಿನ್ ಬೋರ್ಡು ನೆಲೆಯೂರಿತ್ತು. ಬೋರ್ಡು ಹೇಗಿರಬೇಕೆಂಬುದನ್ನು ಬಹುಮಟ್ಟಿಗೆ ಹಾಫ್‌ಪೈಪು, ಪಾರ್ಕುಗಳು ನಿರ್ಧರಿಸತೊಡಗಿದ್ದವು. ಬೆಟ್ಟದ ಉಳಿದ ಭಾಗ ಮರೆತೇಹೋಗಿತ್ತು. ಸ್ಪರ್ಧೆಯ ಶಿಖರದಲ್ಲಿದ್ದಾಗಲೇ ಅದನ್ನು ಬಿಟ್ಟು ಬೆಟ್ಟಕ್ಕೆ ಹೊರಟ ಮೌಂಟ್ ಬೇಕರ್‌ನ ಕ್ರೇಗ್ ಕೆಲ್ಲಿ ಆ ಮರೆವಿಗೆ ಅಪವಾದ. ಅವರ ಸವಾರಿಯ ಹಳೆಯ ಚಿತ್ರಣ ನೋಡಿದವರಿಗೆ ಆಟ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಆ ಕಾಲದ ಬೋರ್ಡುಗಳು ಬಹುಪಾಲು ಕ್ಯಾಂಬರ್. ನೆಲದ ಮೇಲಿಟ್ಟರೆ ನಡು ಎದ್ದಿರುತ್ತದೆ, ಮೂತಿ ಮತ್ತು ಬಾಲದ ಹತ್ತಿರ ಮಾತ್ರ ನೆಲ ತಾಗುತ್ತದೆ. ಮೇಲೆ ನಿಂತಾಗ ನಡು ಒತ್ತಿಕೊಂಡು ಭಾರ ಆ ತುದಿಗಳಿಗೂ ಹಂಚಿಹೋಗುತ್ತದೆ. ಮಂಜುಗಡ್ಡೆಯ ಮೇಲೆ ಹಿಡಿತ, ಒತ್ತಿ ಬಿಟ್ಟಾಗ ಪುಟಿತ, ಎರಡೂ ಇದರಿಂದಲೇ. ಅಂಚು ಸಿಕ್ಕಿ ಹೊಸಬರು ಮುಗ್ಗರಿಸುವುದೂ ಇದರಿಂದಲೇ.

ನಮ್ಮ ತಲೆಮಾರು ಬೋರ್ಡು ಹತ್ತಿದ್ದು ಈ ಆಕಾರ ತಲೆಕೆಳಗಾದಾಗ. ನಮ್ಮದೇ ರಾಜ್ಯದಲ್ಲಿ ಮೈಕ್ ಓಲ್ಸನ್, ಪೀಟ್ ಸಾರಿ ಕಟ್ಟಿದ ಮರ್ವಿನ್ ಕಾರ್ಖಾನೆ, ತನ್ನ ಲಿಬ್ ಟೆಕ್ ಹೆಸರಿನಲ್ಲಿ, 2000ರ ದಶಕದ ಉತ್ತರಾರ್ಧದಲ್ಲಿ ‘ಸ್ಕೇಟ್ ಬನಾನಾ’ ಹೊರತಂದಿತು. ಪಾದಗಳ ನಡುವೆ ನೆಲಕ್ಕೆ ಬಾಗಿ ತುದಿಗಳು ಮೇಲೆದ್ದ ರಾಕರ್ ಆಕಾರ ಅದರದು. ಇದಕ್ಕೂ ಮುಂಚೆ ಶೇನ್ ಮೆಕಾಂಕಿ ಸ್ಕೀಗಳಲ್ಲಿ ಈ ವಿಚಾರವನ್ನು ಪುಡಿಹಿಮಕ್ಕಾಗಿ ತಂದಿದ್ದರು. ಮರ್ವಿನ್ ಅದನ್ನು ಇಡೀ ಬೆಟ್ಟಕ್ಕೆ ಹರಡಿತು. ತುದಿ ಸಿಕ್ಕಿಕೊಳ್ಳುವ ಭಯವಿಲ್ಲ, ಒದ್ದೆ ಹಿಮದಲ್ಲಿ ಮೂತಿ ಹೂಳುವುದಿಲ್ಲ, ಕಾಲ ತಿರುವಿಗೆ ಬೋರ್ಡು ತಕ್ಷಣ ತಿರುಗುತ್ತದೆ. ಹಿಡಿತದ ಕೊರತೆ ನೀಗಲು ಅಂಚನ್ನೇ ಅಲೆಯಲೆಯಾಗಿ ಕತ್ತರಿಸಿದ ‘ಮ್ಯಾಗ್ನಿ-ಟ್ರ್ಯಾಕ್ಷನ್’ ಇತ್ತು. ಅದರ ಮೇಲಿನ ಟೀಕೆಗಳನ್ನು ಕೇಳಿದ್ದೇನೆ. ಗಟ್ಟಿ ಹಿಮದಲ್ಲಿ ಅದು ಹಿಡಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಕೇಟ್ ಬನಾನಾ ಎಬ್ಬಿಸಿದ ಉತ್ಸಾಹದಲ್ಲಿ ಉಳಿದ ಕಂಪನಿಗಳೂ ರಾಕರ್ ತಂದವು. ಅಗ್ಗದ, ಮೆತ್ತನೆಯ ರಾಕರುಗಳು ಕಲಿಯುವವರ ಕೈಗೆ ಬಂದವು. ಆಟವೆಂದರೆ ಮೆದು ಎಂಬ ನಂಟು ಬೆಸೆದದ್ದು ಆಗಲೇ ಎಂದು ನನ್ನ ತರ್ಕ.

ಮುಂದಿನದನ್ನು ಕ್ಯಾಂಬರ್ ಮರಳಿ ಗೆದ್ದ ಕಥೆಯಾಗಿ ಈಗ ಹೇಳುತ್ತಾರೆ. ಅದು ಸರಿಯಲ್ಲ. ಶುದ್ಧ ಕ್ಯಾಂಬರ್ ಬಹುಪಾಲು ಸ್ಪರ್ಧಿಗಳ ಕೈಯಲ್ಲೇ ಉಳಿಯಿತು. ಇಡೀ ಬೆಟ್ಟಕ್ಕೆ ಬಂದದ್ದು ಮಿಶ್ರ ಆಕಾರ, ಅದರಲ್ಲೂ ಎರಡು ಪಂಥ. ಒಂದು, ನಡುವೆ ರಾಕರ್, ಪಾದಗಳ ಕೆಳಗೆ ಕ್ಯಾಂಬರ್: ಬರ್ಟನ್‌ನ ‘ಫ್ಲೈಯಿಂಗ್ ವಿ’, ಕೊಲರಾಡೊದ ನೆವರ್ ಸಮ್ಮರ್, ಮರ್ವಿನ್‌ನ ನಂತರದ ಬೋರ್ಡುಗಳು. ಇನ್ನೊಂದು, ನಡುವೆ ಕ್ಯಾಂಬರ್ ಉಳಿಸಿ ತುದಿಗಳನ್ನು ಮಾತ್ರ ಎತ್ತಿದ್ದು: ಕಪೀಟಾದ ‘ಡಿಒಎ’, ಜೋನ್ಸ್‌ನ ‘ಮೌಂಟನ್ ಟ್ವಿನ್’. ನನ್ನ ಒಲವು ಎರಡನೆಯದರತ್ತ. ಆಟಕ್ಕೆ ಬೇಕಾದ ಪುಟಿತ ಪಾದಗಳ ನಡುವಿನ ಬಾಗಿನಲ್ಲಿದೆ. ಅದನ್ನು ತೆಗೆದರೆ ತಿರುಗಬಹುದು, ಪುಟಿಯುವುದು ಕಷ್ಟ. ಎತ್ತಿದ ತುದಿ ಪುಡಿಹಿಮದಲ್ಲೂ ಕದಡಿದ ಹಿಮದಲ್ಲೂ ಸಾಕಷ್ಟು ತೇಲಿಸುತ್ತದೆ. ಬಟಾಲಿಯನ್ ಕಂಪನಿ ಕ್ಯಾಂಬರ್ ಬಿಡದೆಯೇ ಮೂತಿ-ಬಾಲಗಳ ಅಂಚನ್ನು ಪಕ್ಕಕ್ಕೆ ಎತ್ತಿ ಇದೇ ಗುರಿಯತ್ತ ಬಂತು. ಜಪಾನಿನ ನಿಸೆಕೊದಲ್ಲಿ ತಾರೋ ತಮಾಯಿ ಕಟ್ಟಿದ ಜೆಂಟೆಮ್‌ಸ್ಟಿಕ್‌ನದು ಚೆಲುವಾದ ಬೇರೆಯೇ ದಾರಿ. ಅದರ ಬೇರು ಹೊಕ್ಕೈಡೊದ ಒಣ ಹಿಮದಲ್ಲಿದೆ.

ಆಕಾರದ ಈ ಗದ್ದಲದಲ್ಲಿ ತಿರುಚು ಗುಣ ಮರೆಯಾಯಿತು. ಉದ್ದಕ್ಕೆ ಬಗ್ಗುವುದು ಬೇರೆ, ಅಡ್ಡಡ್ಡ ತಿರುಚಿಕೊಳ್ಳುವುದು ಬೇರೆ. ಎರಡು ದಿಕ್ಕಿನಲ್ಲಿ ಹಾಸಿದ ಫೈಬರ್‌ಗ್ಲಾಸ್ ಸುಲಭವಾಗಿ ತಿರುಚುತ್ತದೆ, ಮೂರು ದಿಕ್ಕಿನದು ಬಿಗಿಯಾಗಿರುತ್ತದೆ. ಮುಂದಿನ ಕಾಲ ಹೆಬ್ಬೆರಳು ಒತ್ತಿದೊಡನೆ ತಿರುವು ಶುರುವಾಗುವುದು ಈ ಗುಣದಿಂದ. ಉದ್ದಕ್ಕೆ ಮಧ್ಯಮ ಬಿಗಿ, ತಿರುಚಲು ಸಲೀಸು: ಇಂಥ ಬೋರ್ಡು ಗಟ್ಟಿ ಹಿಮದಲ್ಲಿ ನಿಲ್ಲುತ್ತದೆ, ಮರಗಳ ನಡುವೆ ಕುಣಿಯುತ್ತದೆ. ಕಂಪನಿಗಳು ಮುದ್ರಿಸುವ ಒಂದರಿಂದ ಹತ್ತರ ಬಿಗಿ ಅಂಕಿ ಇದನ್ನು ಹೇಳುವುದಿಲ್ಲ. ಒಬ್ಬರ ಐದು ಇನ್ನೊಬ್ಬರ ಏಳಾಗಬಹುದು. ಹೋಲಿಸಲು ಸಾಮಾನ್ಯ ಅಳತೆಯಿಲ್ಲ.

ಕಡೆಗಣಿಸಿದ ಇನ್ನೊಂದು ಸಂಗತಿ ಸವಾರನ ತೂಕ. ಬೋರ್ಡು ಗಲ್ಲದವರೆಗೆ ಬರಬೇಕೆಂಬ ಹಳೆಯ ಮಾತು ಇನ್ನೂ ಬದುಕಿದೆ. ಬೆಂಗಳೂರಿನಿಂದ ಸಿಯಾಟಲ್‌ಗೆ ಕೆಲಸಕ್ಕೆ ಬಂದು ಮೊದಲ ಚಳಿಗಾಲ ಸ್ನೋಕ್ವಾಲ್ಮಿಗೆ ಹೋಗುವ ನಮ್ಮವರಿಗೆ ಎತ್ತರ ನೋಡಿಯೇ ಬೋರ್ಡು ಕೊಡುವುದನ್ನು ಕಂಡಿದ್ದೇನೆ. ಐದಡಿ ಎಂಟಿಂಚು ಎತ್ತರದ, 58 ಕಿಲೋದ ಹುಡುಗ 75 ಕಿಲೋದವನಿಗೆ ಮಾಡಿದ ಬೋರ್ಡನ್ನು ಬಗ್ಗಿಸಲಾರ. ಅವನ ಪಾಲಿಗೆ ಅಲ್ಲಿ ಆಟವೇ ಇಲ್ಲ. ತನಗೆ ಬರುವುದಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ. ಬೂಟಿನ ಅಳತೆಗೆ ನಡುವಿನ ಅಗಲ ಹೊಂದಬೇಕೆಂಬುದೂ ಹಾಗೆಯೇ. ಚಿಕ್ಕ ಪಾದಕ್ಕೆ ಅಗಲದ ಬೋರ್ಡು ಸಿಕ್ಕರೆ ಅಂಚಿನಿಂದ ಅಂಚಿಗೆ ಹೊರಳಲು ತಡವಾಗುತ್ತದೆ.

ಒದ್ದೆ ಹಿಮವನ್ನಂತೂ ವಿಮರ್ಶೆಗಳು ಮುಟ್ಟುವುದೇ ಕಡಿಮೆ. 1998-99ರಲ್ಲಿ ಮೌಂಟ್ ಬೇಕರ್‌ನಲ್ಲಿ 1,140 ಇಂಚು, ಎಂದರೆ ಸುಮಾರು 29 ಮೀಟರ್ ಹಿಮ ಬಿದ್ದು ವಿಶ್ವದಾಖಲೆಯಾಯಿತು. ಕ್ಯಾಸ್ಕೇಡ್‌ನ ಹಿಮದಲ್ಲಿ ಬಹಳಷ್ಟು ಸಾಗರದ ತೇವ ಹೊತ್ತ ಭಾರದ ಹಿಮ. ಅದರಲ್ಲಿ ಬೋರ್ಡು ಅಂಟುವುದು ತಳದ ಕೆಳಗೆ ನೀರಿನ ಪೊರೆ ಹಿಡಿಯುವುದರಿಂದ. ತಳಕ್ಕೆ ಕಲ್ಲಿನ ಚಕ್ರದಿಂದ ಗೀರು ಹಾಕಿಸಿ, ಬೆಚ್ಚಗಿನ ಹಿಮದ ಮೇಣ ಹಚ್ಚಿದರೆ ನೀರು ಹರಿದುಹೋಗಿ ಬೋರ್ಡು ಮತ್ತೆ ಓಡುತ್ತದೆ. ಮೇಣ ಹೀರುವ ಸಿಂಟರ್ಡ್ ತಳಕ್ಕೆ ಕೊಡುವ ಹೆಚ್ಚಿನ ಬೆಲೆ ಇಲ್ಲಿ ಸಾರ್ಥಕ, ಮೇಣ ಹಚ್ಚುವ ಅಭ್ಯಾಸವಿದ್ದರೆ ಮಾತ್ರ. ಬೋರ್ಡು ಕೊಳ್ಳುವವರಿಗೆ ಮೂತಿಯ ಬಾಗನ್ನು ವಿವರಿಸುವ ಅಂಗಡಿಯವರು ಇದನ್ನೂ ಅಷ್ಟೇ ವಿವರವಾಗಿ ಹೇಳಬೇಕು.