ಬಚ್ಚಲಿನಿಂದ ಕೆರೆಗೆ: ಪ್ರಸಾಧನ ಮಾಲಿನ್ಯದ ಅಧ್ಯಯನದಲ್ಲಿ ನಾಗರಿಕ ವಿಜ್ಞಾನ

ಸಾರಾಂಶ: ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ರಾಸಾಯನಿಕಗಳನ್ನು ನಾವು ಸಾಮಾನ್ಯವಾಗಿ ಹುಡುಕುವುದು ನದಿ, ಕೆರೆಗಳಲ್ಲಿ. ಅವು ಹೊರಡುವುದು ಮಾತ್ರ ಮನೆಯ ಬಚ್ಚಲಿನಿಂದ. ಅಲ್ಲಿನ ಬಳಕೆಯ ಲೆಕ್ಕ ಕೊಡಬಲ್ಲವರು ಮನೆಯವರೇ. ಆದ್ದರಿಂದ ನಾಗರಿಕರು ನೀರಿನ ಮಾದರಿ ತಂದುಕೊಟ್ಟರೆ ಸಾಲದು, ಬಳಕೆಯನ್ನೂ ದಾಖಲಿಸಬೇಕು ಎಂಬುದು ಈ ಲೇಖನದ ವಾದ.

1. ಲೇಬಲ್ ಓದಿದ ಗ್ರಾಹಕರು

ನೆದರ್ಲೆಂಡ್ಸ್‌ನ ಎರಡು ಪರಿಸರ ಸಂಸ್ಥೆಗಳು 2012ರಲ್ಲಿ ‘ಬೀಟ್ ದ ಮೈಕ್ರೋಬೀಡ್’ ಆ್ಯಪ್ ಹೊರತಂದವು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಫೇಸ್‌ವಾಶ್‌ನಲ್ಲಿ ಪ್ಲಾಸ್ಟಿಕ್ ಕಣಗಳಿವೆಯೇ ಎಂಬುದು ಗ್ರಾಹಕರಿಗೆ ತಿಳಿಯುತ್ತಿತ್ತು. ಅದೇ ವರ್ಷ ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಬಲೆ ಎಳೆದ ಸಂಶೋಧಕರಿಗೆ ಚದರ ಕಿಲೋಮೀಟರಿಗೆ ಸರಾಸರಿ ಸುಮಾರು 43,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ಇಂತಹ ಕಣಗಳಿರುವ ಫೇಸ್‌ವಾಶ್‌ನ ಒಂದು ಸಲದ ಬಳಕೆಯಲ್ಲೇ 4,594ರಿಂದ 94,500 ಕಣಗಳು ಚರಂಡಿ ಸೇರಬಹುದೆಂದು ಪ್ಲಿಮತ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಅಂದಾಜಿಸಿತು. ಆ ವರ್ಷಾಂತ್ಯದಲ್ಲಿ ಅಮೆರಿಕ ಇಂತಹ ಕಣಗಳನ್ನು ನಿಷೇಧಿಸುವ ಕಾನೂನು ತಂದಿತು.

2. ಲೇಬಲ್‌ನ ಮಿತಿ

ಲೇಬಲ್ ಘಟಕದ ಹೆಸರು ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಘಟಕಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕಾದರೂ ಶೇ. 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ನಮೂದಿಸಬಹುದು. ಬ್ಯಾಕ್ಟೀರಿಯಾನಾಶಕ ಟ್ರೈಕ್ಲೋಸಾನ್‌ಗೆ ಯೂರೋಪಿನ ಗರಿಷ್ಠ ಮಿತಿ ಶೇ. 0.3, ಎಂದರೆ ಅದು ಈ ಕ್ರಮವಿಲ್ಲದ ಗುಂಪಿಗೇ ಸೇರುತ್ತದೆ. ಸುಗಂಧದ ಹತ್ತಾರು ಸಂಯುಕ್ತಗಳಂತೂ ‘ಪರ್ಫ್ಯೂಮ್’ ಎಂಬ ಒಂದೇ ಪದದಲ್ಲಿ ಅಡಗಿರಬಹುದು.

3. ಬಳಕೆಯ ದಿನಚರಿ

ಈ ಕೊರತೆಯನ್ನು ಸರಳ ವಿಧಾನದಿಂದ ತುಂಬಬಹುದು. ಬಾಟಲಿ ತೆರೆದ ದಿನ, ಮುಗಿದ ದಿನ, ನಿವ್ವಳ ತೂಕ, ಬಳಸಿದವರ ಸಂಖ್ಯೆ ಇಷ್ಟನ್ನು ಬರೆದಿಟ್ಟರೆ ತಲಾ ದೈನಂದಿನ ಬಳಕೆ ಸಿಗುತ್ತದೆ. ಪ್ರಯೋಗಾಲಯದಲ್ಲಿ ಅಳೆದ ಸಾಂದ್ರತೆಯಿಂದಲೂ ಪ್ರದೇಶದ ಜನಸಂಖ್ಯೆಯಿಂದಲೂ ಅದನ್ನು ಗುಣಿಸಿದರೆ ಚರಂಡಿಗೆ ಸೇರುವ ಹೊರೆಯ ಅಂದಾಜು ದೊರೆಯುತ್ತದೆ. ಕೊಳಚೆ ನೀರಿನ ಶುದ್ಧೀಕರಣ ಘಟಕದ ಒಳಹರಿವಿನಲ್ಲಿ ಅಳತೆ ಇದಕ್ಕಿಂತ ಹೆಚ್ಚು ಬಂದರೆ, ನಾವು ದಾಖಲಿಸದ ಮೂಲ ಬೇರೆಲ್ಲೋ ಇರಬಹುದು. ಆದರೆ ಈ ಅಳತೆಗಾಗಿ ನೀರಿನ ಮಾದರಿ ಸಂಗ್ರಹಿಸುವವರ ಕೈಗೆ ಅಂಟಿದ ಕ್ರೀಮೇ ಫಲಿತಾಂಶ ಕೆಡಿಸಬಲ್ಲದು. ಹೀಗಾಗಿ ಕೈಗವಸು ಮತ್ತು ಶುದ್ಧ ನೀರಿನ ಹೋಲಿಕೆ ಮಾದರಿ ಕಡ್ಡಾಯ.

4. ಉಪಸಂಹಾರ

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದಾಗ ಮಾಲಿನ್ಯ ಎಲ್ಲರ ಕಣ್ಣಿಗೆ ಬಿತ್ತು. ಟ್ರೈಕ್ಲೋಸಾನ್ ನೊರೆಯಾಗಿ ಎದುರು ನಿಲ್ಲುವುದಿಲ್ಲ. ಕಣ್ಣಿಗೆ ಬೀಳದ ಇಂತಹ ವಸ್ತುವಿನ ಮೊದಲ ಸುಳಿವು ಸಿಗುವುದು ಬಚ್ಚಲ ಗೂಡಿನಲ್ಲಿ. ಆ ಸುಳಿವನ್ನು ಬರೆದಿಡುವ ಗೃಹಸ್ಥ, ಗೃಹಿಣಿಯರನ್ನು ಸಹಸಂಶೋಧಕರೆಂದೇ ಗೌರವಿಸಬೇಕು; ಫಲಿತಾಂಶವನ್ನು ಅವರಿಗೆ ಅವರ ಭಾಷೆಯಲ್ಲೇ ಮರಳಿ ತಲುಪಿಸಬೇಕು.