ಶಾಲ್ಮಲೆಯ ನೀರಿನಲ್ಲಿ ಬೆಳಕಿನ ಓಟ

ಶಿರಸಿ–ಯಲ್ಲಾಪುರ ಹಾದಿಯ ಸಹಸ್ರಲಿಂಗ ನಮ್ಮಲ್ಲಿ ಹೆಚ್ಚಿನವರು ನೋಡಿದ ಜಾಗ. ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಈ ಲಿಂಗಗಳನ್ನು ಸೋದೆಯ ಅರಸ ಸದಾಶಿವರಾಯ (1678–1718) ಕೆತ್ತಿಸಿದನೆಂದು ಪ್ರತೀತಿ. ನೀರು ತಿಳಿಯಾಗಿದ್ದಾಗ ಮುಳುಗಿದ ಲಿಂಗ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಕೈ ಹಾಕಿದರೆ ಇನ್ನೂ ಕೆಳಗಿರುತ್ತದೆ.

ಬೆಳಕಿನ ವೇಗ ನೀರಿನಲ್ಲಿ ಬೇರೆ, ಗಾಳಿಯಲ್ಲಿ ಬೇರೆ. ಇದೇ ಕಾರಣ. ಕೆಸರಿಗೆ ಓರೆಯಾಗಿ ಇಳಿದ ಎತ್ತಿನಗಾಡಿಯ ಒಂದು ಚಕ್ರ ಮೊದಲು ನಿಧಾನವಾಗಿ ಗಾಡಿ ತಿರುಗುವಂತೆ, ವೇಗ ಬದಲಾದಲ್ಲಿ ಬೆಳಕೂ ಬಾಗುತ್ತದೆ. ಹಾಗಾದರೆ ಬೆಳಕಿನ ವೇಗ ಎಂದೂ ಬದಲಾಗದು ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳೇ?

ಬೆಳಕಿಗೂ ವೇಗವಿದೆ ಎಂದು ಮೊದಲು ತೋರಿಸಿದವನು ಡೆನ್ಮಾರ್ಕಿನ ಓಲೆ ರೋಮರ್, 1676ರಲ್ಲಿ. ಅಂದರೆ ಸದಾಶಿವರಾಯ ಪಟ್ಟಕ್ಕೆ ಬರುವ ಎರಡು ವರ್ಷ ಮೊದಲು. ಭೂಮಿ ಗುರುಗ್ರಹದಿಂದ ದೂರ ಸರಿದಂತೆ ಆ ಗ್ರಹದ ಚಂದ್ರನ ಗ್ರಹಣ ತಡವಾಗಿ ಕಾಣುತ್ತಿತ್ತು. ಬೆಳಕು ಬರಲು ಹೊತ್ತು ಹಿಡಿಯುತ್ತದೆ ಎಂದು ಅವನು ಹೇಳಿದ.

ಮುಂದೆ ಜಗಳ ಹತ್ತಿದ್ದು ನೀರಿನ ವಿಷಯಕ್ಕೆ. ಬೆಳಕು ಕಣಗಳಾದರೆ ನೀರಿನಲ್ಲಿ ಜೋರಾಗಿ ಓಡಬೇಕು ಎಂಬುದು ನ್ಯೂಟನ್ ಲೆಕ್ಕ. ಅಲೆಯಾದರೆ ನಿಧಾನವಾಗಬೇಕು ಎಂಬುದು ಹೈಗೆನ್ಸ್ ಲೆಕ್ಕ. 1850ರಲ್ಲಿ ಫ್ರಾನ್ಸಿನ ಫೂಕೋ ತಿರುಗುವ ಕನ್ನಡಿಯಿಟ್ಟು ನೋಡಿದ. ನೀರಿನಲ್ಲಿ ಬೆಳಕು ನಿಧಾನವೇ ಆಗಿತ್ತು. ಒಂದೂವರೆ ಶತಮಾನದ ವಾದದಲ್ಲಿ ನ್ಯೂಟನ್ನನಂಥವನ ಮಾತೂ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ.

ಇದರ ಇನ್ನೊಂದು ಅಧ್ಯಾಯ ನಮ್ಮ ಬೆಂಗಳೂರಿನದು. ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕಿವಿಗೆ ಕೇಳದ ಶಬ್ದವನ್ನು ದ್ರವದಲ್ಲಿ ಹಾಯಿಸಿದರೆ, ಅದರ ಮೂಲಕ ಹೋದ ಬೆಳಕು ಹಲವು ಗೆರೆಗಳಾಗಿ ಒಡೆಯುವುದನ್ನು 1932ರಲ್ಲೇ ಹೊರದೇಶದವರು ಕಂಡಿದ್ದರು. ಯಾಕೆ ಹಾಗೆ ಎಂಬುದನ್ನು ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935–36ರಲ್ಲಿ ವಿವರಿಸಿದರು. ಶಬ್ದ ದ್ರವವನ್ನು ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಸಡಿಲ ಮಾಡುತ್ತದೆ. ಒತ್ತಿದಲ್ಲಿ ಬೆಳಕು ತುಸು ನಿಧಾನ, ಸಡಿಲವಾದಲ್ಲಿ ತುಸು ಜೋರು. ಒಂದೇ ದ್ರವದೊಳಗೂ ಬೆಳಕಿನ ವೇಗ ಹೀಗೆ ಏರಿಳಿಯುತ್ತದೆ. ಈ ಲೆಕ್ಕಕ್ಕೆ ಇಂದಿಗೂ ರಾಮನ್–ನಾಥ್ ಸಿದ್ಧಾಂತವೆಂದೇ ಹೆಸರು.

ಗಾಳಿಯೂ ಹಾಗೆಯೇ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವುದು, ಬಿಸಿ ಗಾಳಿಯಲ್ಲಿ ಬೆಳಕು ಕೂದಲೆಳೆಯಷ್ಟು ಜೋರಾಗಿ ಓಡಿ ಬಾಗುವುದರಿಂದ.

ಹಾಗಂತ ಶಾಲೆಯ ಪಾಠ ಸುಳ್ಳಲ್ಲ, ಅರ್ಧ ಮಾತ್ರ. ಏನೂ ಇಲ್ಲದ ಖಾಲಿ ಜಾಗದಲ್ಲಿ, ಅಂದರೆ ನಿರ್ವಾತದಲ್ಲಿ, ವೇಗ ಬದಲಾಗದು: ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 1983ರಿಂದ ಮೀಟರಿನ ಅಳತೆಯನ್ನೇ ಈ ವೇಗದಿಂದ ಹೇಳಲಾಗುತ್ತಿದೆ. ನೀರಿನಲ್ಲಿ ಅದು ಸುಮಾರು 2.25 ಲಕ್ಷ, ರಸ್ತೆ ಪಕ್ಕ ಹೂಳುವ ಫೈಬರ್ ಕೇಬಲ್‌ನ ಗಾಜಿನೆಳೆಯಲ್ಲಿ ಸುಮಾರು 2 ಲಕ್ಷ. ಆ ನಿಧಾನ ವೇಗದಲ್ಲೂ 400 ಕಿಲೋಮೀಟರ್ ದಾಟಲು ಸೆಕೆಂಡಿನ 500ನೇ ಒಂದು ಭಾಗ ಸಾಕು. ಸಿದ್ದಾಪುರದಲ್ಲಿ ವಿಡಿಯೊ ಗಿರಗಿರ ಸುತ್ತುತ್ತ ನಿಂತರೆ ತಪ್ಪು ಬೆಳಕಿನದ್ದಲ್ಲ.

ಇದರಲ್ಲಿ ಜೀವದ ಮಾತೂ ಇದೆ. ನೇರ ಮೇಲಿನಿಂದ ನೋಡಿದರೆ ನಾಲ್ಕು ಅಡಿ ನೀರು ಮೂರೇ ಅಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಹೊಳೆಗೆ, ಕೆರೆಗೆ ಇಳಿಯುವ ಮಕ್ಕಳಿಗೆ ಇದನ್ನು ಹೇಳಿಕೊಡಿ. ಆಳವನ್ನು ಕಣ್ಣಳತೆಗೆ ಬಿಡದೆ ಕೋಲು ಹಾಕಿ ನೋಡಲಿ.