ಮೂಲ ಆಕರಗಳ ಹುಡುಕಾಟ: 1898ರ ಪ್ಲೇಗು ಕಲಿಸುವ ಪಾಠ



ವೈದ್ಯವೃತ್ತಿಯಲ್ಲಿ ನಾವು ಮೊದಲು ಕಲಿಯುವುದು ರೋಗಿಯ ಪೂರ್ವವೃತ್ತಾಂತವನ್ನು ಅವನ ಬಾಯಿಂದಲೇ ಕೇಳುವುದನ್ನು. ಬೇರೆ ವೈದ್ಯರು ಬರೆದುಕೊಟ್ಟ ಪತ್ರ ಕೈಯಲ್ಲಿದ್ದರೂ ರೋಗಿಯನ್ನು ಪ್ರಶ್ನಿಸದೆ ನಾವು ಮುಂದುವರಿಯುವುದಿಲ್ಲ. ಇತಿಹಾಸಕ್ಕೂ ಇದೇ ನಿಯಮ. ಘಟನೆ ನಡೆದ ಕಾಲದಲ್ಲಿಯೇ ಹುಟ್ಟಿದ ಪತ್ರ, ವರದಿ, ಜನಗಣತಿ, ಛಾಯಾಚಿತ್ರಗಳು ಮೂಲ ಆಕರಗಳು. ಅವನ್ನು ಆಧರಿಸಿ ಅನಂತರದವರು ಬರೆದ ಗ್ರಂಥಗಳು ಆ ಬಳಿಕದ ಆಕರಗಳು. ಶಾಲೆಯ ಸಂಶೋಧನ ಪ್ರಬಂಧಕ್ಕೆ ಮೂಲ ಆಕರಗಳನ್ನೇ ತರಬೇಕೆಂದು ನಮ್ಮ ಮಕ್ಕಳ ಅಧ್ಯಾಪಕರು ಕೇಳುತ್ತಾರೆ. ಅಜ್ಜ ಅಜ್ಜಿಯರ ನಾಡಿನ ವಿಷಯವನ್ನು ಆರಿಸಿಕೊಂಡ ಮಗು, ಆಕರಗಳು ಸಿಗಲಿಲ್ಲವೆಂದು ಅದನ್ನು ಕೈಬಿಡುವಂತಾಗಬಾರದು. ಆದ್ದರಿಂದ 1898ರ ಪ್ಲೇಗನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಅಣುಜೀವಿಯನ್ನು ಗುರುತಿಸಿದರು. 1896ರಲ್ಲಿ ರೋಗವು ಮುಂಬಯಿಯಲ್ಲಿ ಕಾಣಿಸಿಕೊಂಡಿತು. 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳು, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರು.

ಹುಡುಕುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ: ಆ ಊರನ್ನು ಆಗ ಯಾರು ಆಳುತ್ತಿದ್ದರು? ಬೆಂಗಳೂರು ನಗರವು ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ದಂಡು ಬ್ರಿಟಿಷರ ಆಡಳಿತದಲ್ಲಿತ್ತು. ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮತ್ತು ಮಂಗಳೂರು ಮದರಾಸು ಪ್ರಾಂತದಲ್ಲಿ ಇದ್ದವು. ಜನರು ಒಂದೇ ಭಾಷೆಯವರಾದರೂ ದಾಖಲೆಗಳು ಬೇರೆ ಬೇರೆ ಸರ್ಕಾರಗಳವು. ಹಾಫ್ಕಿನ್ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಹಾಕಿದ ಕಥೆಯನ್ನು ಮೈಸೂರಿನ ವರದಿಗಳಲ್ಲಿ ಹುಡುಕುವುದು ವ್ಯರ್ಥ. ಮುಂಬಯಿ ಸರ್ಕಾರದ ಕಾಗದಗಳನ್ನು ನೋಡಬೇಕು.

ಇಂದು ಇವುಗಳಲ್ಲಿ ಹಲವನ್ನು ಮನೆಯಲ್ಲಿಯೇ ಕುಳಿತು ಓದಬಹುದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಬ್ರಿಟಿಷ್ ಇಂಡಿಯಾದ ವೈದ್ಯಕೀಯ ವರದಿಗಳನ್ನು ಅಂತರ್ಜಾಲದಲ್ಲಿ ಇರಿಸಿದೆ. ಲಂಡನ್ನಿನ ವೆಲ್ಕಂ ಸಂಗ್ರಹದಲ್ಲಿ ಪ್ಲೇಗಿನ ಕಾಲದ ಛಾಯಾಚಿತ್ರಗಳಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಗೆಜೆಟಿಯರುಗಳೂ ವರದಿಗಳೂ ದೊರೆಯುತ್ತವೆ. ಹುಡುಕುವಾಗ ಊರಿನ ಹೆಸರನ್ನು ಇಂದಿನಂತೆ ‘ಬೆಂಗಳೂರು’, ‘ಹುಬ್ಬಳ್ಳಿ’ ಎಂದು ಬರೆದರೆ ಸಾಲದು. ‘ಬ್ಯಾಂಗಲೋರ್’, ‘ಹುಬ್ಲಿ’ ಎಂಬ ಆ ಕಾಲದ ಇಂಗ್ಲಿಷ್ ರೂಪಗಳನ್ನೂ ಕೊಡಬೇಕು. ಹಳೆಯ ಅಚ್ಚನ್ನು ಯಂತ್ರವು ತಪ್ಪಾಗಿ ಓದುವುದುಂಟು. ಆದಕಾರಣ ಪರಿವಿಡಿಯನ್ನು ತೆರೆದು ಕಣ್ಣಾರೆ ನೋಡಬೇಕು. ಗ್ರಂಥದ ಹೆಸರು, ವರ್ಷ, ಪುಟಸಂಖ್ಯೆಗಳನ್ನು ಒಡನೆಯೇ ಬರೆದಿಟ್ಟುಕೊಳ್ಳಬೇಕು.

ದಾಖಲೆ ದೊರೆತ ಮೇಲೆ ಅದನ್ನು ಪ್ರಶ್ನಿಸುವುದು ಮುಂದಿನ ಕೆಲಸ. ನಗರ ಮತ್ತು ದಂಡು ಸೇರಿ ಬೆಂಗಳೂರಿನ ಜನಸಂಖ್ಯೆ 1891ರಲ್ಲಿ 1,80,366, 1901ರಲ್ಲಿ 1,59,046. ಕಡಿಮೆಯಾದ ಇಪ್ಪತ್ತೊಂದು ಸಾವಿರದಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು? ಈ ಎರಡು ಅಂಕಿಗಳು ಅದನ್ನು ಹೇಳುವುದಿಲ್ಲ. ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಒಯ್ಯುವರೆಂಬ ಭಯದಿಂದ ಆ ದಿನಗಳಲ್ಲಿ ಜನರು ರೋಗವನ್ನೂ ಸಾವನ್ನೂ ಮುಚ್ಚಿಟ್ಟದ್ದುಂಟು. ಆದ್ದರಿಂದ ಮರಣಗಳ ಪಟ್ಟಿಯನ್ನೂ ಎಚ್ಚರದಿಂದ ಓದಬೇಕು. ಅಧಿಕಾರಿಯು ಬರೆದದ್ದು ತನ್ನ ಮೇಲಧಿಕಾರಿಗಾಗಿ. ಸೋಂಕು ತೊಳೆಯುವ ಕ್ರಮ ಅಲ್ಲಿದೆ, ಬಾಗಿಲು ತಟ್ಟಿದಾಗ ಒಳಗಿದ್ದ ತಾಯಿಯ ಭಯ ಅಲ್ಲಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಪ್ಲೇಗಿನ ಭೀತಿ ತುಂಬಿದೆ, ಆದರೆ ಅದು 1965ರಲ್ಲಿ ಪ್ರಕಟವಾದ ಕಾದಂಬರಿ, 1898ರ ಸಾಕ್ಷ್ಯವಲ್ಲ. ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಮ್ಮ ಅಂದಿನ ಜನರ ಭಯ ಭಕ್ತಿಗಳನ್ನು ಸೂಚಿಸುತ್ತಾಳೆ. ಸರ್ಕಾರದ ವರದಿಯ ಪಕ್ಕದಲ್ಲಿ ಆಕೆಯ ಗುಡಿಯನ್ನೂ ಇಟ್ಟು ನೋಡಬೇಕು.

ಈ ಕಾರಣದಿಂದ ಅಂತರ್ಜಾಲದಲ್ಲಿ ಇಲ್ಲದ ಆಕರಗಳೂ ನಮಗೆ ಬೇಕು. ಊರಿನ ಮನೆಗಳ ಪೆಟ್ಟಿಗೆಗಳಲ್ಲಿ ಲೆಕ್ಕದ ಪುಸ್ತಕಗಳು, ಕಾಗದಗಳು, ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ಜನನ ಮರಣಗಳು ಇರಬಹುದು. ಅವನ್ನು ಓದಿ ಅರ್ಥ ಹೇಳಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಮನೆ ಮಾರುವಾಗ ಮೊದಲು ರದ್ದಿಗೆ ಹೋಗುವುದೂ ಅವೇ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಂಡು ಆ ಹಾಳೆಗಳ ಚಿತ್ರ ತೆಗೆಯೋಣ. ಯಾರ ಕೈಬರಹ, ಯಾವ ಊರು, ಯಾವ ವರ್ಷ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡೋಣ. ಮಕ್ಕಳು ಬರೆಯುವ ಪ್ರಬಂಧದಲ್ಲಿ ದಿವಾನರ ಆಡಳಿತದ ಜೊತೆಗೆ ನಮ್ಮ ಮುತ್ತಜ್ಜಿಯರ ಮಾತಿಗೂ ಒಂದು ಪುಟ ದೊರೆಯಲಿ.